ಅಂಗಡಿ, ಕಾರ್ಖಾನೆಗಳಲ್ಲಿ ವೈ-ಫೈ: ರೂಟರ್ ಬಗ್ಗೆ ಅರಿಯಬೇಕಾದ ಅಂಶಗಳು

ಇಂದು ಸಣ್ಣ ಅಂಗಡಿಯಿಂದ ಹಿಡಿದು ಕೈಗಾರಿಕಾ ಬಡಾವಣೆಯ ಘಟಕದವರೆಗೆ ಬಿಲ್ ತಯಾರಿಕೆ, ಜಿಎಸ್‌ಟಿ ವಿವರ ಸಲ್ಲಿಕೆ, ಇ-ವೇ ಬಿಲ್, ಬ್ಯಾಂಕ್ ವ್ಯವಹಾರಗಳೆಲ್ಲವೂ ಅಂತರಜಾಲದ ಮೂಲಕವೇ ನಡೆಯುತ್ತಿವೆ. ಇವೆಲ್ಲಕ್ಕೂ ಹೆಬ್ಬಾಗಿಲಿನಂತಿರುವುದು ಗೋಡೆಯ ಮೂಲೆಯಲ್ಲಿರುವ ಪುಟ್ಟ ರೂಟರ್. ಅನೇಕ ಕಡೆಗಳಲ್ಲಿ ಅದು ಮನೆಬಳಕೆಗೆಂದೇ ತಯಾರಾದ ಉಪಕರಣವಾಗಿದ್ದು, ಸೇವಾ ಸಂಸ್ಥೆಯ ಸಿಬ್ಬಂದಿ ಅಳವಡಿಸಿ ಹೋದ ಸ್ಥಿತಿಯಲ್ಲಿಯೇ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಇದರ ಅಪಾಯ ಕಾಲ್ಪನಿಕವಲ್ಲ. 2008ರ ಜುಲೈ 26ರಂದು ಅಹಮದಾಬಾದಿನ ಸರಣಿ ಸ್ಫೋಟಕ್ಕೆ ಕೆಲವೇ ನಿಮಿಷಗಳ ಮುನ್ನ ಮಾಧ್ಯಮಗಳಿಗೆ ಬಂದ ಬೆದರಿಕೆಯ ಇ-ಮೇಲ್, ನವಿ ಮುಂಬಯಿಯ ಮನೆಯೊಂದರ ಭದ್ರತೆಯಿಲ್ಲದ ವೈ-ಫೈ ಮೂಲಕ ರವಾನೆಯಾಗಿತ್ತು. ಕೃತ್ಯಕ್ಕೆ ಸಂಬಂಧವಿಲ್ಲದಿದ್ದರೂ ಆ ಮನೆಯವರು ಪೊಲೀಸ್ ವಿಚಾರಣೆ ಎದುರಿಸಬೇಕಾಯಿತು. ಸಂಪರ್ಕ ಯಾರ ಹೆಸರಿನಲ್ಲಿದೆಯೋ ತನಿಖೆ ಮೊದಲು ಅವರ ಬಾಗಿಲಿಗೇ ಬರುತ್ತದೆ. ವರ್ತಕರ ಪಾಲಿಗೆ ಲೆಕ್ಕಪತ್ರ ಹಾಗೂ ಗ್ರಾಹಕರ ವಿವರಗಳ ಸೋರಿಕೆಯ ಭಯವೂ ಇದರೊಂದಿಗೆ ಸೇರಿಕೊಳ್ಳುತ್ತದೆ.

ಮೊದಲ ಹೆಜ್ಜೆ: ಆಡಳಿತ ಪುಟ

ರೂಟರ್‌ನ ಅಡಿಭಾಗದ ಚೀಟಿಯಲ್ಲಿ 192.168.0.1 ಅಥವಾ 192.168.1.1 ಎಂಬಂತಹ ವಿಳಾಸವಿರುತ್ತದೆ. ಅದೇ ಜಾಲಕ್ಕೆ ಸೇರಿದ ಗಣಕಯಂತ್ರದ ಬ್ರೌಸರ್‌ನಲ್ಲಿ ಇದನ್ನು ನಮೂದಿಸಿದರೆ ಆಡಳಿತ ಪುಟ ತೆರೆಯುತ್ತದೆ. ಈ ಪುಟದ ಪಾಸ್‌ವರ್ಡ್ ಬೇರೆ, ವೈ-ಫೈ ಪಾಸ್‌ವರ್ಡ್ ಬೇರೆ. ಕಾರ್ಖಾನೆಯಿಂದಲೇ ಬಂದ ಆಡಳಿತ ಪಾಸ್‌ವರ್ಡ್ 'ಅಡ್ಮಿನ್' ಎಂಬಂತಹ ಸಾಮಾನ್ಯ ಪದವಾಗಿದ್ದರೆ ಅದನ್ನು ತಕ್ಷಣ ಬದಲಾಯಿಸತಕ್ಕದ್ದು. ಹೊರಗಿನಿಂದ ರೂಟರ್ ನಿಯಂತ್ರಿಸುವ 'ರಿಮೋಟ್ ಮ್ಯಾನೇಜ್‌ಮೆಂಟ್' ಸೌಲಭ್ಯ ಅಗತ್ಯವಿಲ್ಲದಿದ್ದಲ್ಲಿ ಮುಚ್ಚಿಡುವುದು ಲೇಸು.

ಭದ್ರತಾ ವಿಧಾನದ ಆಯ್ಕೆ

1997ರಲ್ಲಿ ಬಂದ 'ವೆಪ್' ವಿಧಾನದ ದೋಷಗಳು 2001ರಲ್ಲಿಯೇ ಬಯಲಾದವು. ಅದನ್ನು ಇಂದು ಬಳಸುವುದು ಬೀಗವಿಲ್ಲದ ಬಾಗಿಲಿಗೆ ಸಮಾನ. 2004ರಿಂದ ಬಳಕೆಯಲ್ಲಿರುವ 'ಡಬ್ಲ್ಯುಪಿಎ2' ವಿಧಾನವನ್ನು 'ಎಇಎಸ್' ಆಯ್ಕೆಯೊಂದಿಗೆ ಇರಿಸಿಕೊಳ್ಳಬೇಕು. 2018ರಲ್ಲಿ ಪ್ರಕಟವಾದ 'ಡಬ್ಲ್ಯುಪಿಎ3' ಲಭ್ಯವಿದ್ದರೆ ಇನ್ನೂ ಉತ್ತಮ. ಹಳೆಯ ಉಪಕರಣಗಳಿದ್ದಲ್ಲಿ ಎರಡಕ್ಕೂ ಅವಕಾಶವಿರುವ ಮಿಶ್ರ ವಿಧಾನವನ್ನು ಆರಿಸಬಹುದು.

ಡಬ್ಲ್ಯುಪಿಎ2 ಪಾಸ್‌ವರ್ಡ್ 8ರಿಂದ 63 ಅಕ್ಷರಗಳಷ್ಟಿರಬಹುದು. ಅಂಗಡಿಯ ಹೆಸರು ಅಥವಾ ಫಲಕದ ಮೇಲಿನ ದೂರವಾಣಿ ಸಂಖ್ಯೆಯನ್ನೇ ಪಾಸ್‌ವರ್ಡ್ ಆಗಿಸುವುದು ಸರಿಯಲ್ಲ. ಉಪಕರಣವೊಂದು ಜಾಲಕ್ಕೆ ಸೇರುವ ಕ್ಷಣದ ಸಂಕೇತಗಳನ್ನು ಹಿಡಿದಿಟ್ಟುಕೊಂಡು, ಊಹೆಗಳನ್ನು ಬಿಡುವಿನಲ್ಲಿ ಪರೀಕ್ಷಿಸುವ ತಂತ್ರಾಂಶಗಳಿವೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳ ಜೋಡಣೆ ನೆನಪಿಡಲು ಸುಲಭ, ಊಹಿಸಲು ಕಷ್ಟ.

ಗುಂಡಿ ಒತ್ತಿ ಉಪಕರಣ ಜೋಡಿಸುವ 'ಡಬ್ಲ್ಯುಪಿಎಸ್' ಸೌಲಭ್ಯವನ್ನೂ ಸ್ಥಗಿತಗೊಳಿಸಬೇಕು. ಅದರ 8 ಅಂಕಿಯ ಗುಪ್ತಸಂಖ್ಯೆಯನ್ನು ರೂಟರ್ ಎರಡು ಭಾಗಗಳಾಗಿ ಪರಿಶೀಲಿಸುವುದರಿಂದ ಗರಿಷ್ಠ 11,000 ಪ್ರಯತ್ನಗಳಲ್ಲಿ ಅದನ್ನು ಪತ್ತೆಹಚ್ಚಬಹುದೆಂಬುದು 2011ರಲ್ಲಿ ಬೆಳಕಿಗೆ ಬಂತು.

ಗ್ರಾಹಕರಿಗೆ ಪ್ರತ್ಯೇಕ ಜಾಲ

ಗ್ರಾಹಕರು, ಲಾರಿ ಚಾಲಕರು, ಮಾರಾಟ ಪ್ರತಿನಿಧಿಗಳು ವೈ-ಫೈ ಕೇಳುವುದು ಸಹಜ. ಅವರಿಗೆ 'ಗೆಸ್ಟ್ ನೆಟ್‌ವರ್ಕ್' ಎಂಬ ಪ್ರತ್ಯೇಕ ಜಾಲವನ್ನು, ಪ್ರತ್ಯೇಕ ಪಾಸ್‌ವರ್ಡ್‌ನೊಂದಿಗೆ ನೀಡಬೇಕು. ಒಳಜಾಲದ ಪ್ರವೇಶಕ್ಕೆ ಅಲ್ಲಿ ಅನುಮತಿ ಇರಬಾರದು. ಆಗ ಅವರ ಮೊಬೈಲಿಗೆ ಅಂತರಜಾಲ ಸಿಗುತ್ತದೆಯೇ ಹೊರತು ಲೆಕ್ಕಪತ್ರದ ಗಣಕಯಂತ್ರ ಕಾಣಿಸುವುದಿಲ್ಲ. ಸಿಸಿಟಿವಿ ಕ್ಯಾಮೆರಾಗಳನ್ನೂ ಲೆಕ್ಕಪತ್ರದ ಜಾಲದಿಂದ ದೂರವಿಡುವುದು ಸೂಕ್ತ. ಮುದ್ರಣಯಂತ್ರ ಮಾತ್ರ ಮುಖ್ಯ ಜಾಲದಲ್ಲಿಯೇ ಇರಬೇಕು.

ವೇಗ ಕುಂಠಿತವಾದಾಗ

ಒತ್ತೊತ್ತಾಗಿ ಅಂಗಡಿಗಳಿರುವ ಪೇಟೆಯಲ್ಲಿ ಬಿಲ್ ಮಾಡುವ ಹೊತ್ತಿಗೆ ಸಂಪರ್ಕ ನಿಧಾನವಾದರೆ ದೋಷ ಯಾವಾಗಲೂ ಸೇವಾ ಸಂಸ್ಥೆಯದಲ್ಲ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್ ಮಾತ್ರ. ಒಂದು ಸಂಕೇತ ಆಕ್ರಮಿಸುವ ಅಗಲ ಸುಮಾರು 20 ಮೆಗಾಹರ್ಟ್ಸ್. ಹೀಗಾಗಿ ಅಕ್ಕಪಕ್ಕದ ಚಾನೆಲ್‌ಗಳು ಒಂದರ ಮೇಲೊಂದು ಬೀಳುತ್ತವೆ. ಪರಸ್ಪರ ತಾಕದ 1, 6, 11ರಲ್ಲಿ ನೆರೆಹೊರೆಯವರ ಬಳಕೆ ಕಡಿಮೆಯಿರುವುದನ್ನು ಆರಿಸಿ, ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಸೀಮಿತಗೊಳಿಸಬೇಕು. ಬಿಲ್ಲಿಂಗ್ ಯಂತ್ರ ರೂಟರ್ ಸಮೀಪವಿದ್ದರೆ 5 ಗಿಗಾಹರ್ಟ್ಸ್ ಪಟ್ಟಿ ಲೇಸು. ಅಲ್ಲಿ ದಟ್ಟಣೆ ಕಡಿಮೆ, ಆದರೆ ಗೋಡೆ ದಾಟುವ ಶಕ್ತಿಯೂ ಕಡಿಮೆ. ಉಗ್ರಾಣದಂತಹ ದೂರದ ಸ್ಥಳಕ್ಕೆ 2.4 ಗಿಗಾಹರ್ಟ್ಸ್ ಹೊಂದುತ್ತದೆ.

ತಪ್ಪು ನಂಬಿಕೆಗಳು

ಜಾಲದ ಹೆಸರನ್ನು ಮರೆಮಾಡಿದರೆ ಸಾಕೆಂಬ ನಂಬಿಕೆ ಸರಿಯಲ್ಲ. ಉಪಕರಣಗಳು ಸಂಪರ್ಕಿಸುವಾಗ ಆ ಹೆಸರು ಹೊರಬೀಳುತ್ತದೆ. ಆಯ್ದ ಉಪಕರಣಗಳಿಗೆ ಮಾತ್ರ ಪ್ರವೇಶ ನೀಡುವ 'ಮ್ಯಾಕ್ ಫಿಲ್ಟರ್' ಕೂಡ ಪೂರ್ಣ ರಕ್ಷಣೆಯಲ್ಲ. ಆ ವಿಳಾಸವನ್ನು ನಕಲು ಮಾಡಬಹುದು. ಇವುಗಳಿಗಿಂತ ರೂಟರ್‌ನ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವುದು ಹೆಚ್ಚು ಫಲಕಾರಿ. ತಯಾರಕರು ನವೀಕರಣವನ್ನೇ ನಿಲ್ಲಿಸಿರುವ ಹಳೆಯ ರೂಟರ್ ಅನ್ನು ಬದಲಾಯಿಸುವುದು ಒಳಿತು.

ಬದಲಾವಣೆಗೆ ಮುನ್ನ ಈಗಿನ ಜೋಡಣೆಯ ಪ್ರತಿಯೊಂದನ್ನು ಉಳಿಸಿಕೊಂಡು, ಹೊಸ ಪಾಸ್‌ವರ್ಡ್‌ಗಳನ್ನು ಪುಸ್ತಕದಲ್ಲಿ ಬರೆದು ಬೀಗದಡಿ ಇಡಬೇಕು. ನೌಕರರೊಬ್ಬರು ಕೆಲಸ ಬಿಟ್ಟಾಗ ಗಲ್ಲಾಪೆಟ್ಟಿಗೆಯ ಕೀಲಿಕೈಯನ್ನು ಹಿಂಪಡೆಯುವಂತೆಯೇ ವೈ-ಫೈ ಪಾಸ್‌ವರ್ಡ್ ಬದಲಾಯಿಸುವ ಪದ್ಧತಿಯನ್ನೂ ರೂಢಿಸಿಕೊಳ್ಳಬೇಕು. ಈ ಕೆಲಸಗಳಿಗೆ ಖರ್ಚಿಲ್ಲ. ವಾರದ ರಜೆಯ ದಿನ ಒಂದಿಷ್ಟು ಹೊತ್ತು ಮೀಸಲಿಟ್ಟರೆ ಸಾಕು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ.