ಎದೆಮೂಳೆ ಮುರಿತ: ಚಿಕಿತ್ಸೆ, ಚೇತರಿಕೆ ಹಾಗೂ ಪಡೆದಿರಿಸಬೇಕಾದ ದಾಖಲೆಗಳು

ಕತ್ತಿನ ಬುಡದಿಂದ ಹೊಟ್ಟೆಯ ಮೇಲ್ಭಾಗದವರೆಗೆ ಎದೆಯ ನಡುವೆ ಇರುವ ಚಪ್ಪಟೆಯಾದ ಮೂಳೆಯೇ ಎದೆಮೂಳೆ. ಕೊರಳೆಲುಬುಗಳು ಹಾಗೂ ಮೇಲಿನ ಪಕ್ಕೆಲುಬುಗಳು ಮುಂಭಾಗದಲ್ಲಿ ಇದಕ್ಕೆ ಕೂಡಿಕೊಂಡಿದ್ದು, ಇದರ ಹಿಂದೆಯೇ ಹೃದಯವಿರುತ್ತದೆ. ವಾಹನಗಳ ಮುಖಾಮುಖಿ ಡಿಕ್ಕಿಯಲ್ಲಿ ಎದೆಯು ಸ್ಟಿಯರಿಂಗ್ ಚಕ್ರಕ್ಕೆ ಬಡಿಯುವುದು ಅಥವಾ ಸೀಟ್ ಬೆಲ್ಟ್ ಬಲವಾಗಿ ಒತ್ತುವುದು ಈ ಮುರಿತಕ್ಕೆ ಮುಖ್ಯ ಕಾರಣ. ಹಾಗೆಂದು ಬೆಲ್ಟ್ ಧರಿಸದಿರುವುದು ತರವಲ್ಲ; ಬೆಲ್ಟ್ ಉಳಿಸುವುದು ಪ್ರಾಣವನ್ನು, ಮುರಿದ ಮೂಳೆ ಮತ್ತೆ ಕೂಡುತ್ತದೆ. ಮೂಳೆ ಸವೆದಿರುವ ವಯೋವೃದ್ಧರಲ್ಲಿ ಸಣ್ಣ ಪೆಟ್ಟಿನಿಂದಲೂ ಈ ಮುರಿತ ಉಂಟಾಗಬಹುದು.

ಎದೆಗೆ ಪೆಟ್ಟು ಬಿದ್ದವರು ಎದ್ದು ಓಡಾಡುತ್ತಿದ್ದರೂ ಆಸ್ಪತ್ರೆಗೆ ಹೋಗತಕ್ಕದ್ದು. 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಉಚಿತವಾಗಿ ದೊರೆಯುತ್ತದೆ. ಎದೆಗೆ ಎದುರಿನಿಂದ ತೆಗೆಯುವ ಸಾಮಾನ್ಯ ಎಕ್ಸ್-ರೇಯಲ್ಲಿ ಎದೆಮೂಳೆಯ ಮುರಿತ ಅನೇಕ ವೇಳೆ ಕಾಣುವುದಿಲ್ಲ. ಪಕ್ಕದಿಂದ ತೆಗೆದ ಎಕ್ಸ್-ರೇ ಅಥವಾ ಸಿ.ಟಿ. ಸ್ಕ್ಯಾನ್‌ನಲ್ಲಿ ಅದು ಸ್ಪಷ್ಟವಾಗುತ್ತದೆ. ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಯಲು ಇ.ಸಿ.ಜಿ. ಹಾಗೂ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆಯನ್ನು ಮಾಡಲಾಗುತ್ತದೆ. ಇವು ಸಹಜವಾಗಿದ್ದು, ಬೇರೆ ಗಾಯಗಳಿಲ್ಲದಿದ್ದಲ್ಲಿ ರೋಗಿಯನ್ನು ಸಾಮಾನ್ಯವಾಗಿ ಬೇಗನೆ ಮನೆಗೆ ಕಳುಹಿಸಲಾಗುತ್ತದೆ. ಮೂಳೆಯ ತುಂಡುಗಳು ಸ್ಥಾನ ತಪ್ಪಿರುವ ಕೆಲವು ಪ್ರಕರಣಗಳಲ್ಲಿ ಮಾತ್ರ ಶಸ್ತ್ರಚಿಕಿತ್ಸೆಯಿಂದ ಲೋಹದ ಪಟ್ಟಿ ಕೂರಿಸುವ ಅಗತ್ಯ ಬೀಳುತ್ತದೆ.

ಕೈಕಾಲು ಮುರಿದಾಗ ಹಾಕುವಂತೆ ಎದೆಗೆ ಪ್ಲಾಸ್ಟರ್ ಹಾಕುವುದಿಲ್ಲ. ಇದನ್ನು ಕಂಡು ಆಸ್ಪತ್ರೆಯವರು ಚಿಕಿತ್ಸೆಯನ್ನೇ ನೀಡಲಿಲ್ಲವೆಂದು ಭಾವಿಸಿ, ನಾಟಿ ಕಟ್ಟು ಹಾಕಿಸಿಕೊಳ್ಳುವವರುಂಟು. ಎದೆಯನ್ನು ಬಿಗಿಯಾಗಿ ಕಟ್ಟುವುದು ಅಪಾಯಕರ. ನೋವಿನ ಭಯದಿಂದ ರೋಗಿಯು ಮೊದಲೇ ಮೇಲುಸಿರು ಬಿಡುತ್ತಿರುತ್ತಾನೆ, ಕೆಮ್ಮನ್ನು ತಡೆಹಿಡಿಯುತ್ತಾನೆ. ಕಟ್ಟು ಬಿದ್ದರೆ ಶ್ವಾಸಕೋಶ ಇನ್ನೂ ಕಡಿಮೆ ಹಿಗ್ಗುತ್ತದೆ, ಕಫ ಒಳಗೇ ನಿಂತು ನ್ಯುಮೋನಿಯಾಕ್ಕೆ ದಾರಿಯಾಗುತ್ತದೆ. ಆದುದರಿಂದ ವೈದ್ಯರು ಬರೆದುಕೊಟ್ಟ ನೋವು ನಿವಾರಕ ಮಾತ್ರೆಗಳನ್ನು ಸಹಿಸಿಕೊಳ್ಳುವ ಹಟದಿಂದ ಬಿಡಬಾರದು. ನೋವು ತಗ್ಗಿದರೆ ಮಾತ್ರ ಉಸಿರು ಆಳಕ್ಕೆ ಇಳಿಯುತ್ತದೆ. ಎಚ್ಚರವಿರುವಾಗ ಗಂಟೆಗೊಮ್ಮೆ ಸುಮಾರು ಹತ್ತು ಬಾರಿ ನಿಧಾನವಾಗಿ ದೀರ್ಘ ಉಸಿರು ತೆಗೆದುಕೊಳ್ಳುವುದು, ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿ ಹಿಡಿಯುವುದು, ಬೆನ್ನಿಗೆ ದಿಂಬು ಕೊಟ್ಟು ಒರಗಿ ಮಲಗುವುದು ಉಪಯುಕ್ತ. ಬೀಡಿ, ಸಿಗರೇಟು ಸಂಪೂರ್ಣ ವರ್ಜ್ಯ.

ಮೂಳೆ ಕೂಡಲು ಆರರಿಂದ ಹನ್ನೆರಡು ವಾರಗಳು ಬೇಕಾಗುತ್ತವೆ. ಮೊದಲ ಕೆಲವು ವಾರ ಸೀನು ಬಂದರೂ, ಮಗ್ಗುಲು ಬದಲಿಸಿದರೂ ನೋವಾಗುವುದು ನಿರೀಕ್ಷಿತ. ಹಾಸಿಗೆ ಹಿಡಿದು ಮಲಗುವುದಕ್ಕಿಂತ ಮನೆಯೊಳಗೆ ನಡೆದಾಡುವುದು ಲೇಸು. ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಮಗು ಮುಂತಾದ ಭಾರಗಳನ್ನು ಎತ್ತಬಾರದು. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವರು ಹಮಾಲಿ ಅಥವಾ ಕೃಷಿ ಕೆಲಸದವರಿಗಿಂತ ಬೇಗ ಕೆಲಸಕ್ಕೆ ಮರಳಬಹುದಾದ್ದರಿಂದ, ರಜೆಯ ವೈದ್ಯಕೀಯ ಪ್ರಮಾಣ ಪತ್ರ ಕೋರುವಾಗ ತಮ್ಮ ಕೆಲಸದ ಸ್ವರೂಪವನ್ನು ವೈದ್ಯರಿಗೆ ತಿಳಿಸುವುದು ಅವಶ್ಯ. ಉಸಿರಾಟದ ತೊಂದರೆ ಹೆಚ್ಚಿದರೆ, ಜ್ವರದೊಡನೆ ಹಳದಿ ಕಫ ಬಂದರೆ, ಎದೆ ಬಡಿತ ಏರುಪೇರಾದರೆ ಅಥವಾ ತಲೆ ಸುತ್ತಿ ಬಿದ್ದರೆ ಮುಂದಿನ ತಪಾಸಣೆಯ ದಿನಾಂಕಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಮುರಿತವು ರಸ್ತೆ ಅಪಘಾತದಿಂದ ಆಗಿದ್ದಲ್ಲಿ, ಕೇಂದ್ರ ಸರ್ಕಾರವು ಮೇ 2025ರಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಅಪಘಾತದ ದಿನಾಂಕದಿಂದ ಗರಿಷ್ಠ 7 ದಿನಗಳವರೆಗೆ ಪ್ರತಿ ಗಾಯಾಳುವಿಗೆ ರೂ. 1.5 ಲಕ್ಷದವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಅಪಘಾತದಿಂದಾದ ಗಾಯವೆಂಬುದನ್ನು ದಾಖಲಾಗುವಾಗಲೇ ಹೇಳಿ, ಪ್ರಕರಣವನ್ನು ಎಂ.ಎಲ್.ಸಿ. ಎಂದು ನಮೂದಿಸಲು ಕೋರಬೇಕು.

ಗಾಯದ ಪ್ರಮಾಣ ಪತ್ರದ ವಿಷಯದಲ್ಲಿ ವಿಶೇಷ ಗಮನ ಅಗತ್ಯ. ಭಾರತೀಯ ನ್ಯಾಯ ಸಂಹಿತೆಯ 116ನೇ ಪ್ರಕರಣದ ಮೇರೆಗೆ ಮೂಳೆ ಮುರಿತವು ತೀವ್ರ ಸ್ವರೂಪದ ಗಾಯವಾಗಿರುತ್ತದೆ. ಮೊದಲ ಎಕ್ಸ್-ರೇಯಲ್ಲಿ ಮುರಿತ ಕಾಣದೆ ಸಾದಾ ಗಾಯವೆಂದು ಬರೆದಿದ್ದು, ನಂತರದ ಸಿ.ಟಿ. ಸ್ಕ್ಯಾನ್‌ನಲ್ಲಿ ಅದು ಪತ್ತೆಯಾದಲ್ಲಿ, ಆ ವರದಿಯನ್ನು ಮೊದಲು ಪರೀಕ್ಷಿಸಿದ ವೈದ್ಯಾಧಿಕಾರಿಗೂ ತನಿಖಾಧಿಕಾರಿಗೂ ಲಿಖಿತ ಮನವಿಯೊಡನೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಗಾಯದ ಸ್ವರೂಪವನ್ನು ಈ ದಾಖಲೆಗಳಿಂದಲೇ ತೋರಿಸಬೇಕಾಗುತ್ತದೆ. ಮೋಟಾರು ವಾಹನಗಳ ಕಾಯ್ದೆ, 1988ಕ್ಕೆ 2019ರಲ್ಲಿ ತಂದ ತಿದ್ದುಪಡಿಯು ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಕಾಲಮಿತಿಯನ್ನು ನಿಗದಿಪಡಿಸಿದ್ದು, ಮೂಳೆ ಪೂರ್ಣವಾಗಿ ಕೂಡಲಿ ಎಂದು ಅರ್ಜಿಯನ್ನು ಮುಂದೂಡಬಾರದು. ಬಿಡುಗಡೆ ಸಾರಾಂಶ, ಎಕ್ಸ್-ರೇ ಹಾಗೂ ಸ್ಕ್ಯಾನ್ ಫಿಲ್ಮುಗಳು, ಔಷಧಿಯ ಬಿಲ್ಲುಗಳು ಇವುಗಳ ಜೆರಾಕ್ಸ್ ಪ್ರತಿಗಳನ್ನು ತೆಗೆಸಿಟ್ಟುಕೊಂಡ ನಂತರವೇ ಮೂಲ ಪ್ರತಿಗಳನ್ನು ಯಾವುದೇ ಕಚೇರಿಗೆ ಒಪ್ಪಿಸುವುದು.