ಲಗೇಜ್ ಆಟೊ ಬಾಡಿಗೆ: ದರ ಕಟ್ಟುವ ಲೆಕ್ಕ

ಬೇಸಾಯದ ಜೊತೆಗೆ ಉಪಕಸುಬಾಗಿ ಲಗೇಜ್ ಆಟೊ ಇಟ್ಟುಕೊಂಡಿರುವ ಯುವಕರು ಅನೇಕ ಹಳ್ಳಿಗಳಲ್ಲಿದ್ದಾರೆ. ಬೆಳಗಿನ ಜಾವ ತರಕಾರಿಯನ್ನು ಮಂಡಿಗೆ ಒಯ್ಯುವುದು, ಬರುವಾಗ ಗೊಬ್ಬರ, ಹಿಂಡಿ, ರಿಪೇರಿಗೆ ಕೊಟ್ಟ ಪಂಪಿನ ಮೋಟಾರು ತಂದುಕೊಡುವುದು ಇವರ ಕೆಲಸ. ಗಿರಾಕಿಗಳೆಲ್ಲ ನೆಂಟರು, ನೆರೆಯವರು. ಆದ್ದರಿಂದ "ಡೀಸೆಲ್ ಮೇಲೆ ಏನಾದರೂ ಕೊಡಿ" ಎನ್ನುವುದೇ ದರವಾಗಿಬಿಡುತ್ತದೆ. ಗಾಡಿ ಮೂರು ನಾಲ್ಕು ವರ್ಷ ಬಿಡುವಿಲ್ಲದೆ ಓಡಿದರೂ ಎಂಜಿನ್ ಬಿಚ್ಚಿಸುವ ಹೊತ್ತಿಗೆ ಕೈಯಲ್ಲಿ ಹಣವಿರುವುದಿಲ್ಲ.

ಗಾಡಿ ನಿಂತಿದ್ದಾಗಲೂ ಬೀಳುವ ಖರ್ಚನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಇದಕ್ಕೆ ಕಾರಣ. ಕೋಲಾರದ ಟೊಮೇಟೊ ಮಂಡಿಯಿಂದ 20 ಕಿ.ಮೀ. ದೂರದ ಒಂದು ಹಳ್ಳಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಇಲ್ಲಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಮಾತ್ರ; ರೈತರು ತಮ್ಮ ಊರಿನ ದರ ಹಾಕಿಕೊಳ್ಳಬೇಕು.

ಗಾಡಿಯ ಬೆಲೆ ರೂ. 3,00,000. ಆರು ವರ್ಷ ದುಡಿಸಿ ರೂ. 60,000ಕ್ಕೆ ಮಾರಿದರೆ ವರ್ಷದ ಸವಕಳಿ ರೂ. 40,000. ಸಾಲದ ಬಡ್ಡಿ ಸರಾಸರಿ ರೂ. 20,000, ವಿಮೆ, ತೆರಿಗೆ, ಎಫ್.ಸಿ. ಬಾಬ್ತು ರೂ. 15,000. ಒಟ್ಟು ರೂ. 75,000. ವರ್ಷಕ್ಕೆ 250 ದಿನ ಬಾಡಿಗೆ ಸಿಕ್ಕರೆ ದಿನಕ್ಕೆ ರೂ. 300 ಆಯಿತು. ಇದಕ್ಕೆ ಮಾಲೀಕನ ಸ್ವಂತ ಕೂಲಿ ರೂ. 500 ಸೇರಿಸಬೇಕು. ತನ್ನ ಗಾಡಿ ತಾನೇ ಓಡಿಸುವವನಿಗೆ ಕೂಲಿ ಏಕೆಂದು ಕೇಳುವವರುಂಟು. ಆ ದಿನ ಅವನ ಹೊಲದಲ್ಲಿ ಬೇರೆ ಆಳು ದುಡಿಯುತ್ತಿರುತ್ತಾನಲ್ಲವೇ? ಹೀಗೆ ದಿನದ ನಿಶ್ಚಿತ ಖರ್ಚು ರೂ. 800.

ಓಡಿದಷ್ಟೂ ಬೀಳುವ ಖರ್ಚು ಬೇರೆ. ಲೀಟರಿಗೆ 25 ಕಿ.ಮೀ., ಡೀಸೆಲ್ ರೂ. 90 ಎಂದರೆ ಕಿ.ಮೀ.ಗೆ ರೂ. 3.60, ಟೈರು, ಆಯಿಲ್, ರಿಪೇರಿಗೆ ರೂ. 1.40, ಒಟ್ಟು ರೂ. 5. ಖಾಲಿ ಗಾಡಿ ಹಿಂದಿರುಗಲೇಬೇಕಾದ್ದರಿಂದ 40 ಕಿ.ಮೀ.ಗೆ ರೂ. 200.

ದಿನಕ್ಕೆ ಒಂದೇ ಸುತ್ತಾದರೆ ಖರ್ಚು ರೂ. 1,000. 15 ಕಿಲೋ ಹಿಡಿಯುವ 25 ಬಾಕ್ಸ್ ಹೇರಿದರೆ ಬಾಕ್ಸಿಗೆ ರೂ. 40. ಎರಡು ಸುತ್ತಾದರೆ ಒಟ್ಟು ರೂ. 1,200, ಬಾಕ್ಸಿಗೆ ರೂ. 24. ಡೀಸೆಲ್ಲನ್ನೇ ನೋಡುವವನು ಸುತ್ತಿಗೆ ರೂ. 300 ಪಡೆದು, ರೂ. 144 ಕಳೆದು, ರೂ. 156 ಉಳಿಯಿತೆಂದು ತಿಳಿಯುತ್ತಾನೆ. ಎರಡು ಸುತ್ತು ಹೊಡೆದ ದಿನವೂ ಅವನಿಗೆ ರೂ. 600 ಕಡಿಮೆ ಬಿದ್ದಿರುತ್ತದೆ. ಅಂದರೆ ಕೂಲಿ ಪೂರ್ತಿ ಹೋಗಿ, ಗಾಡಿಯ ಖರ್ಚಿನಲ್ಲೂ ರೂ. 100 ಹೋದಂತೆ. ಮೇಲಿನದು ಬರೀ ಅಸಲು. ಗಾಡಿ ಕೆಟ್ಟು ನಿಲ್ಲುವ ದಿನಗಳಿಗಾಗಿ ನೂರಕ್ಕೆ ಹತ್ತರಂತೆ ಸೇರಿಸಿದರೆ ತಪ್ಪಿಲ್ಲ.

ಟೊಮೇಟೊ ಬೆಲೆ ಕುಸಿದಾಗ ಬಾಡಿಗೆ ಇಳಿಸಿರೆಂದು ನೆರೆಯವರು ಕೇಳುವುದು ಸಹಜ. ಆದರೆ ಗಾಡಿಯ ಖರ್ಚು ಕುಸಿಯುವುದಿಲ್ಲ. ಅಂಥ ದಿನಗಳಲ್ಲಿ ಇಬ್ಬರು ಮೂವರ ಮಾಲು ಕೂಡಿಸಿ ಹೇರಬೇಕು, ಬರುವಾಗಲೂ ಬಾಡಿಗೆ ಹಿಡಿಯಬೇಕು. ಆಗ ಮಾತ್ರ ದರ ಇಳಿಸಲು ಸಾಧ್ಯ.

ಸಣ್ಣಪುಟ್ಟ ಕೆಲಸಗಳಿಗೆ ಹೊತ್ತಿನ ಲೆಕ್ಕ ಮುಖ್ಯ. ರೂ. 800ನ್ನು ಎಂಟು ಗಂಟೆಗೆ ಹಂಚಿದರೆ ಗಂಟೆಗೆ ರೂ. 100. 8 ಕಿ.ಮೀ. ದೂರದ ಪೇಟೆಯಿಂದ ಮೋಟಾರು ತರಲು ಒಂದೂವರೆ ಗಂಟೆ ಹಿಡಿದರೆ ಹೊತ್ತಿಗೆ ರೂ. 150, ಓಡಾಟಕ್ಕೆ ರೂ. 80. ಒಬ್ಬನಿಗೆ ರೂ. 230 ಭಾರವೇ. ಸಂತೆಯ ದಿನ ನಾಲ್ವರ ಕೆಲಸ ಒಟ್ಟಿಗೆ ಹಿಡಿದರೆ, ಇನ್ನೊಂದು ಗಂಟೆ ಹೆಚ್ಚಾದರೂ, ತಲಾ ರೂ. 85ರೊಳಗೆ ಆಗುತ್ತದೆ. ಗೊಬ್ಬರದಂಗಡಿಯ ಸಾಲಿನಲ್ಲಿ ಕಾಯುವ ಹೊತ್ತಿನ ದರವನ್ನು ಮೊದಲೇ ಹೇಳಿರಬೇಕು. ಆಮೇಲೆ ಕೇಳಿದರೆ ಮನಸ್ತಾಪ.

ಬಾಡಿಗೆಯ ಗಾಡಿ ಸಾರಿಗೆ ವಾಹನವೆಂದೇ ನೋಂದಣಿಯಾಗಿರಬೇಕು. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ 1988ರ ಮೋಟಾರು ವಾಹನ ಕಾಯ್ದೆಯಂತೆ ಪರ್ಮಿಟ್ ಬೇಡ, ವಿಮೆ, ಎಫ್.ಸಿ. ಬೇಕೇ ಬೇಕು. ಉದ್ರಿ ಕೊಟ್ಟರೆ ದಿನಾಂಕ, ಬಾಕ್ಸುಗಳ ಸಂಖ್ಯೆ, ಬಾಕಿಯನ್ನು ಗಿರಾಕಿಯ ಎದುರಿಗೇ ಪುಸ್ತಕದಲ್ಲಿ ಬರೆಯಬೇಕು. ಡೀಸೆಲ್ ದರ ಏರಿದಾಗ ಹೊಸ ಬಾಡಿಗೆಯನ್ನು ಕೊಯ್ಲು ಶುರುವಾಗುವ ಮುಂಚೆಯೇ ಎಲ್ಲರಿಗೂ ತಿಳಿಸುವುದು ಒಳ್ಳೆಯದು.