ಹಾಲ್ ನೋಡಲು ನೀವೂ ಹೋಗಿ

ಮದುವೆ ನಿಶ್ಚಯವಾದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ಯಾವುದು? ದಿನಾಂಕವಲ್ಲ, ಊಟದ ಪಟ್ಟಿಯೂ ಅಲ್ಲ. “ಹಾಲ್ ಯಾವುದು?” ಎಂಬುದೇ ಮೊದಲ ಪ್ರಶ್ನೆ. ಹಾಲ್ ಸಿಕ್ಕ ದಿನವೇ ಮದುವೆಯ ದಿನ ಎಂಬಲ್ಲಿಗೆ ನಾವು ಬಂದು ಮುಟ್ಟಿದ್ದೇವೆ. ಹಿಂದೆ ಕರಾವಳಿಯ ನಮ್ಮ ಮನೆಗಳಲ್ಲಿ ಅಂಗಳದ ಚಪ್ಪರದಲ್ಲೇ ಮದುವೆ ನಡೆಯುತ್ತಿತ್ತು. ಹೆಂಗಸರಿಗೆ ಮನೆಯೊಳಗೆ ಜಾಗ, ಗಂಡಸರಿಗೆ ಚಪ್ಪರ. ಮಗು ಅತ್ತರೆ ಮಲಗಿಸಲು ಪಕ್ಕದ ಮನೆಯ ಕೋಣೆಯಿತ್ತು. ಇಂದು ಅಂಗಳಗಳು ಕಿರಿದಾಗಿವೆ, ಫ್ಲ್ಯಾಟುಗಳಲ್ಲಂತೂ ಅಂಗಳವೇ ಇಲ್ಲ. ಹಾಲ್ ಬೇಕು ಎನ್ನುವುದರಲ್ಲಿ ತಪ್ಪೇನಿಲ್ಲ. ಅದು ಅಂದವಾಗಿರಲಿ ಎಂದು ಆಸೆಪಡುವುದೂ ತಪ್ಪಲ್ಲ.

ಆದರೆ ಆ ಹಾಲನ್ನು ನೋಡಿ ಬರುವವರು ಯಾರು? ಮನೆಯ ಯಜಮಾನರು, ಅವರ ಭಾವ, ಒಬ್ಬ ಗೆಳೆಯ. ಅವರು ಗೇಟು ನೋಡುತ್ತಾರೆ, ಕಾರು ನಿಲ್ಲಿಸುವ ಜಾಗ ನೋಡುತ್ತಾರೆ, ವೇದಿಕೆಯ ಮೇಲಿನ ದೀಪದ ಗೊಂಚಲನ್ನು ತಲೆಯೆತ್ತಿ ನೋಡುತ್ತಾರೆ. ಮುಂಗಡ ಕೊಟ್ಟು ಬರುತ್ತಾರೆ. ಹೆಂಗಸರು ಆ ಹಾಲನ್ನು ಮೊದಲ ಬಾರಿ ಕಾಣುವುದು ಮದುವೆಯ ದಿನ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಕ್ಕಳನ್ನು ಕಟ್ಟಿಕೊಂಡು, ವೃದ್ಧರನ್ನು ಕೈಹಿಡಿದು ಅಲ್ಲಿ ಕೂರಬೇಕಾದವರು ಮಾತ್ರ ಅವರೇ. ಆದ್ದರಿಂದ ಸಹೋದರಿಯರೇ, ಮುಂಗಡ ಕೊಡುವ ಮೊದಲು ಹಾಲ್ ನೋಡಲು ನೀವೂ ಹೋಗಿ. ಹೋದರೆ ಮುಂಬಾಗಿಲಿನಿಂದಲ್ಲ, ಹೆಂಗಸರ ಬಾಗಿಲಿನಿಂದಲೇ ನೋಡಲು ಆರಂಭಿಸಿ.

ಅನೇಕ ಕಡೆ ಗಂಡಸರಿಗೆ ನೆಲಮಾಳಿಗೆಯ ಎ.ಸಿ. ಹಾಲ್, ಹೆಂಗಸರಿಗೆ ಎರಡನೇ ಮಹಡಿ. ಲಿಫ್ಟ್ ಇದೆಯೇ? ಇದ್ದರೆ ಅಂದು ಅದರಲ್ಲಿ ಜನರನ್ನು ಬಿಡುತ್ತಾರೆಯೇ, ಇಲ್ಲ ಅಡುಗೆಯ ಪಾತ್ರೆಗಳನ್ನು ಸಾಗಿಸುತ್ತಾರೆಯೇ? ಮೊಣಕಾಲು ನೋವಿನ ಅಜ್ಜಿ ಎಷ್ಟು ಮೆಟ್ಟಿಲು ಹತ್ತಬೇಕು? ಎಣಿಸಿ ನೋಡಿ. ಶೌಚಾಲಯ ಎಷ್ಟಿವೆ, ಅವುಗಳಲ್ಲಿ ಕುಳಿತೇಳಲು ಅನುಕೂಲವಾದ ಕಮೋಡ್ ಒಂದಾದರೂ ಇದೆಯೇ, ಚಿಲಕ ಬೀಳುತ್ತದೆಯೇ ಎಂದು ಸ್ವತಃ ತೆರೆದು ನೋಡಿ. ಇದನ್ನು ನಿಮ್ಮ ಪರವಾಗಿ ಯಾವ ಗಂಡಸೂ ನೋಡಿ ಬರುವುದಿಲ್ಲ. ಎದೆಹಾಲು ಕುಡಿಸಲು ಒಂದು ಮರೆ ಬೇಕು. ಮದುಮಗಳ ಕೋಣೆಗೆ ಒಳಗಿನಿಂದ ಚಿಲಕ ಬೇಕು.

ನಮಾಝಿನ ವಿಷಯವನ್ನಂತೂ ಮೊದಲೇ ಕೇಳಿ. ಗಂಡಸರು ಹತ್ತಿರದ ಮಸೀದಿಗೆ ಹೋಗಿ ಬರುತ್ತಾರೆ. ಹೆಂಗಸರ ಝುಹರ್ ಎಲ್ಲಿ? ಕೈತೊಳೆಯುವ ಬೇಸಿನ್‌ಗೆ ಕಾಲೆತ್ತಿ ವುಝೂ ಮಾಡುವ ಪಾಡು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿಲ್ಲ! ತಗ್ಗಿನಲ್ಲಿ ಎರಡು ನಳ್ಳಿ, ನಾಲ್ಕು ಚಾಪೆ ಹಾಸುವಷ್ಟು ಶುಚಿಯಾದ ಕೋಣೆ ಇದ್ದರೆ ಸಾಕು. ಸಂಜೆಯ ಕಾರ್ಯಕ್ರಮವಾದರೆ ಮಗ್ರಿಬ್‌ನ ಅವಧಿ ಚಿಕ್ಕದು. ಐನೂರು ಮಂದಿಯ ನಡುವೆ ಜಾಗ ಹುಡುಕುತ್ತಾ ನಿಂತರೆ ಅದು ಕಳೆದೇ ಹೋಗುತ್ತದೆ.

ಇನ್ನು ಅಳತೆ. “ಎಂಟುನೂರು ಮಂದಿ ಹಿಡಿಯುತ್ತಾರೆ” ಎಂದು ಮ್ಯಾನೇಜರ್ ಹೇಳಿದರೆ, “ಕುರ್ಚಿ ಸಾಲು ಹಾಕಿದರೋ, ಊಟದ ಮೇಜು ಹಾಕಿದರೋ?” ಎಂದು ಕೇಳಿ. ಭಾಷಣ ಕೇಳಲು ಕುರ್ಚಿ ಸಾಲಿಟ್ಟರೆ ಒಬ್ಬರಿಗೆ ಆರರಿಂದ ಎಂಟು ಚದರ ಅಡಿ ಸಾಕು. ದುಂಡು ಮೇಜಿನ ಊಟಕ್ಕೆ ಹತ್ತರಿಂದ ಹನ್ನೆರಡು ಚದರ ಅಡಿ ಬೇಕು. ಅಂದರೆ 5,000 ಚದರ ಅಡಿಯ ಹಾಲಿನಲ್ಲಿ 700 ಮಂದಿ ಭಾಷಣ ಕೇಳಬಹುದು, ಊಟಕ್ಕೆ ಕೂರಬಹುದಾದವರು 400ರಿಂದ 500 ಮಾತ್ರ. ಅದರಲ್ಲಿ ವೇದಿಕೆ, ಬಫೆ ಮೇಜುಗಳು, ನಡುವಿನ ಪರದೆಯ ಜಾಗವನ್ನೂ ಕಳೆಯಬೇಕು. ತಿನ್ನುವವರ ಕುರ್ಚಿಯ ಹಿಂದೆ ಮುಂದಿನ ಪಂಕ್ತಿಯವರು ಕಾದು ನಿಲ್ಲುವ ದೃಶ್ಯ ಹುಟ್ಟುವುದು ಈ ಲೆಕ್ಕ ತಪ್ಪಿದಲ್ಲೇ.

ಅಂದದ ಕಟ್ಟಡವೆಲ್ಲ ಎಲ್ಲದಕ್ಕೂ ಒದಗುವುದಿಲ್ಲ. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವನ್ನೇ ನೋಡಿ. ಪಿಟೀಲಿನ ಆಕಾರದಲ್ಲಿ ಕಟ್ಟಿದ ಆ ಭವನ ನಗರದ ಹೆಮ್ಮೆ. ಅಲ್ಲಿನ ಆಸನಗಳು ನೆಲಕ್ಕೆ ಭದ್ರಪಡಿಸಿದವು. ಸಂಗೀತಕ್ಕೆ, ವಿಚಾರಗೋಷ್ಠಿಗೆ ಚೆನ್ನ, ಸುತ್ತು ಕೂತು ಚರ್ಚಿಸುವ ಸಭೆಗಾಗಲಿ ಒಟ್ಟಿಗೆ ಉಣ್ಣುವ ಸಮಾರಂಭಕ್ಕಾಗಲಿ ಹೇಳಿಸಿದ್ದಲ್ಲ. ನಿಮ್ಮ ಮಹಿಳಾ ಅಧ್ಯಯನ ಕೂಟದ ಐವತ್ತು ಮಂದಿಯ ಸಮಾವೇಶಕ್ಕೆ ಹೋಟೆಲಿನ ದೊಡ್ಡ ಹಾಲ್ ಹಿಡಿದರೆ ಅರ್ಧ ಕುರ್ಚಿಗಳು ಖಾಲಿ ಕೂತು ಸಭೆಯ ಕಳೆಯನ್ನೇ ತಿನ್ನುತ್ತವೆ. ಅಂಥವಕ್ಕೆ ರಜೆಯಲ್ಲಿರುವ ಶಾಲೆಯ ಸಭಾಂಗಣ, ಜಮಾಅತಿನ ಹಾಲ್ ಎಷ್ಟೋ ವಾಸಿ.

ಒಂದು ವಿಷಯದಲ್ಲಿ ಮಾತ್ರ ಸಂಕೋಚವನ್ನು ಬದಿಗಿಡಿ. ಹೊರಹೋಗುವ ಬಾಗಿಲುಗಳು ಎಷ್ಟು ಎಂದು ಕೇಳಿ. 1995ರ ಡಿಸೆಂಬರ್ 23ರಂದು ಹರಿಯಾಣದ ದಬ್ವಾಲಿಯಲ್ಲಿ ಮದುವೆ ಹಾಲೊಂದರಲ್ಲಿ ಶಾಲಾ ವಾರ್ಷಿಕೋತ್ಸವ ನಡೆಯುತ್ತಿದ್ದಾಗ ಶಾಮಿಯಾನಕ್ಕೆ ಬೆಂಕಿ ಹತ್ತಿತು. ಹೊರಬರಲು ದಾರಿ ಸಾಲದೆ 400ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೇ ಹೆಚ್ಚು. 2004ರ ಜನವರಿಯಲ್ಲಿ ತಮಿಳುನಾಡಿನ ಶ್ರೀರಂಗಂನ ಮದುವೆ ಮಂಟಪದಲ್ಲಿ ಗರಿಯ ಚಪ್ಪರಕ್ಕೆ ಕಿಡಿ ತಾಗಿ ಮದುಮಗನೂ ಸೇರಿ 50ಕ್ಕೂ ಹೆಚ್ಚು ಜನ ಸತ್ತರು. 2023ರ ಸೆಪ್ಟೆಂಬರ್‌ನಲ್ಲಿ ಇರಾಕಿನ ಕರಾಕೋಶ್ ಪಟ್ಟಣದ ಮದುವೆ ಹಾಲಿನೊಳಗೆ ಹಚ್ಚಿದ ಸಿಡಿಮದ್ದಿನಿಂದ 100ಕ್ಕೂ ಅಧಿಕ ಮಂದಿ ಬಲಿಯಾದರು. ವಧುವರರು ಬರುವಾಗ ಅಕ್ಕಪಕ್ಕದಲ್ಲಿ ಬೆಂಕಿಯ ಕಾರಂಜಿ ಚಿಮ್ಮಿಸುವ ಚಟ ಈಗ ನಮ್ಮ ಊರುಗಳಿಗೂ ಬಂದಿದೆ. ಸೀಲಿಂಗ್‌ನಿಂದ ನೆಲದವರೆಗೆ ಬಟ್ಟೆ, ಥರ್ಮಾಕೋಲ್, ಪ್ಲಾಸ್ಟಿಕ್ ಹೂ. ಅದರ ನಡುವೆ ಬೆಂಕಿ! ನಮ್ಮಲ್ಲಿ ಇನ್ನೊಂದು ಅಪಾಯವೂ ಇದೆ. ಪರ್ದಾದ ಹೆಸರಿನಲ್ಲಿ ಹೆಂಗಸರ ಕಡೆಯ ಹಿಂಬಾಗಿಲಿಗೆ ಬೀಗ ಹಾಕುತ್ತಾರೆ. ಮರೆಗೆ ಪರದೆ ಸಾಕು, ಬೀಗ ಬೇಡ. ಹೊರಗೊಬ್ಬರನ್ನು ಕಾವಲು ಕೂರಿಸಿ, ಬಾಗಿಲನ್ನು ಮಾತ್ರ ತೆರೆದೇ ಇಡಲು ಹೇಳಿ.

ಈಗ ಹಣದ ಮಾತು. ಹಾಲ್ ಬಾಡಿಗೆಗೆ ಶೇ. 18 ಜಿ.ಎಸ್.ಟಿ. ಇದೆ. ಒಂದೂವರೆ ಲಕ್ಷದ ಬಾಡಿಗೆಗೆ ತೆರಿಗೆಯೇ 27,000 ರೂಪಾಯಿ. ನೋಂದಾಯಿತ ಧಾರ್ಮಿಕ ಅಥವಾ ಧರ್ಮಾರ್ಥ ಟ್ರಸ್ಟ್ ನಡೆಸುವ, ಆರಾಧನಾಲಯದ ಆವರಣದಲ್ಲಿರುವ ಸಾರ್ವಜನಿಕ ಹಾಲ್‌ಗೆ ದಿನದ ಬಾಡಿಗೆ 10,000 ರೂಪಾಯಿಗಿಂತ ಕಡಿಮೆಯಿದ್ದರೆ ಈ ತೆರಿಗೆ ಇಲ್ಲ. ಮಸೀದಿಯ ಪಕ್ಕದ ಹಾಲನ್ನು ಮೂಗು ಮುರಿಯುವ ಮೊದಲು ಇದನ್ನೂ ನೆನೆಯಿರಿ. ಜನರೇಟರ್, ಶುಚಿತ್ವ, ಪಾತ್ರೆಪಗಡಿ ಬಾಡಿಗೆಯೊಳಗೆ ಸೇರಿವೆಯೇ? ಅಡುಗೆಯವರನ್ನು ನೀವೇ ಕರೆತರಬಹುದೇ? ಹೋಟೆಲಿನದ್ದೇ ಊಟವಾದರೆ ಮಾಂಸ ಎಲ್ಲಿಂದ ಬರುತ್ತದೆ, ಹಲಾಲ್ ಖಚಿತವೇ, ಅದೇ ಮಹಡಿಯಲ್ಲಿ ಬಾರ್ ಇದೆಯೇ ಎಂದು ನೇರವಾಗಿ ಕೇಳಿ. ದೊಡ್ಡ ಹೋಟೆಲ್ ಎಂದು ಕೇಳಲು ಅಂಜಬೇಡಿ, ಹಣ ಕೊಡುವವರು ನೀವು.

ಆದರೆ ಬಾಡಿಗೆಗಿಂತ ಭಾರವಾದದ್ದು ಇನ್ನೊಂದಿದೆ. “ನಮಗೆ ವರದಕ್ಷಿಣೆ ಬೇಡ. ನಮ್ಮ ಅಂತಸ್ತಿಗೆ ತಕ್ಕಂತೆ ಒಂದು ಒಳ್ಳೆಯ ಹಾಲ್‌ನಲ್ಲಿ ಮದುವೆ ಮಾಡಿಕೊಡಿ, ಸಾಕು” ಎಂಬ ಮಾತನ್ನು ನೀವು ಕೇಳಿರಬಹುದು. ಎಷ್ಟು ಸಭ್ಯ ಮಾತು! ಆ “ಸಾಕು” ಎಂಬಲ್ಲಿ ಹಾಲ್ ಬಾಡಿಗೆ, ಅಲಂಕಾರ, ಎಂಟುನೂರು ಮಂದಿಯ ಬಿರಿಯಾನಿ ಎಲ್ಲವೂ ಅಡಗಿವೆ. ಅದನ್ನು ತುಂಬಲು ಹೆಣ್ಣಿನ ತಂದೆ ಚಿನ್ನ ಅಡವಿಡುತ್ತಾನೆ, ಗಲ್ಫ್‌ನಲ್ಲಿರುವ ಮಗ ಇನ್ನೆರಡು ವರ್ಷ ಊರಿಗೆ ಬರುವುದನ್ನು ಮುಂದೂಡುತ್ತಾನೆ. ಇದು ವರದಕ್ಷಿಣೆಯಲ್ಲದೆ ಮತ್ತೇನು? ಕೈಗೆ ಕೊಡುವ ಬದಲು ಹಾಲಿನ ಮಾಲಕನಿಗೆ ಕೊಡಿಸುತ್ತಾರೆ, ಅಷ್ಟೇ ವ್ಯತ್ಯಾಸ. ಗಂಡುಮಕ್ಕಳ ತಾಯಂದಿರು ಇದನ್ನು ತಮ್ಮ ಮನೆಯ ಮಾತುಕತೆಯಲ್ಲೇ ತಡೆಯಬಲ್ಲರು.

ಇಸ್ಲಾಮ್‌ನಲ್ಲಿ ವಲೀಮಾ ವರನ ಹೊಣೆ. ಪ್ರವಾದಿ ಮುಹಮ್ಮದ್(ಸ)ರು ಝೈನಬ್(ರ)ರನ್ನು ವಿವಾಹವಾದಾಗ ಒಂದು ಆಡು ಕೊಯ್ದು ರೊಟ್ಟಿ ಮಾಂಸದ ಊಟ ನೀಡಿದರು. ಅವರ ವಲೀಮಾಗಳಲ್ಲಿ ಅದೇ ದೊಡ್ಡದೆಂದು ಹದೀಸ್ ವರದಿಗಳು ತಿಳಿಸುತ್ತವೆ. ಖೈಬರ್‌ನಿಂದ ಮರಳುವ ದಾರಿಯಲ್ಲಿ ಸಫಿಯ್ಯಾ(ರ)ರೊಂದಿಗಿನ ವಿವಾಹದ ವಲೀಮಾಕ್ಕೆ ನೆಲದ ಮೇಲೆ ಚರ್ಮದ ಹಾಸು ಬಿಚ್ಚಲಾಯಿತು. ಅದರ ಮೇಲೆ ಖರ್ಜೂರ, ಗಿಣ್ಣು, ತುಪ್ಪ ಇಟ್ಟರು. ಸಂಪನ್ನರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟವನ್ನು ಅತ್ಯಂತ ಕೆಟ್ಟ ಊಟವೆಂದೂ ಹದೀಸ್‌ನಲ್ಲಿ ಎಚ್ಚರಿಸಲಾಗಿದೆ. ಊರಿನಿಂದ ಹದಿನೈದು ಕಿಲೋಮೀಟರ್ ದೂರದ, ಬಸ್ಸೇ ಹೋಗದ ರಿಸಾರ್ಟ್‌ನಲ್ಲಿ ಔತಣವಿಟ್ಟರೆ ನಿಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಹೇಗೆ ಬಂದಾಳು? ಕರೆದಿದ್ದೀರಿ ನಿಜ. ಬರದ ಹಾಗೆ ಕರೆದಂತಾಯಿತು.

ಮುಂಗಡ ಕೊಟ್ಟರೆ ರಶೀದಿಯಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ. ಒಂದೇ ದಿನ ಮಧ್ಯಾಹ್ನಕ್ಕೊಂದು ರಾತ್ರಿಗೊಂದು ಮದುವೆ ಒಪ್ಪಿಕೊಳ್ಳುವ ಹಾಲುಗಳಿವೆ. ಮುಂದೂಡಿದರೆ ಅಥವಾ ರದ್ದಾದರೆ ಎಷ್ಟು ಹಣ ಮರಳುತ್ತದೆ ಎಂಬುದೂ ಬರಹದಲ್ಲಿರಲಿ. 2020ರ ಲಾಕ್‌ಡೌನ್‌ನಲ್ಲಿ ಮದುವೆ ಮುಂದೂಡಿದ ಕುಟುಂಬಗಳು ಮುಂಗಡಕ್ಕಾಗಿ ಅಲೆದದ್ದು ನೆನಪಿದೆಯಲ್ಲ. ಬಯಲು ಹುಲ್ಲುಹಾಸಿನ ಜಾಗವಾದರೆ ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ಅವಕಾಶವಿಲ್ಲ, ಕಾರ್ಯಕ್ರಮದ ವೇಳೆಯನ್ನು ಹಾಗೆಯೇ ಹೊಂದಿಸಿಕೊಳ್ಳಿ.

ಸಾಧ್ಯವಾದರೆ ಅಲ್ಲಿ ಬೇರೊಂದು ಮದುವೆ ನಡೆಯುವ ದಿನವೇ ಹೋಗಿ, ಹೆಂಗಸರ ಬಾಗಿಲ ಬಳಿ ಹತ್ತು ನಿಮಿಷ ನಿಲ್ಲಿ. ಖಾಲಿ ಹಾಲ್ ತೋರಿಸದ್ದು ಆಗ ಕಾಣುತ್ತದೆ. ಮಳೆಗಾಲದ ಮದುವೆಯಾದರೆ ವಾಹನ ಇಳಿಯುವಲ್ಲಿಂದ ಆ ಬಾಗಿಲವರೆಗೆ ಮಾಡು ಇದೆಯೇ ಎಂದೂ ನೋಡಿ. ಮುಂಬಾಗಿಲಿಗೆ ಸಾಮಾನ್ಯವಾಗಿ ಇರುತ್ತದೆ.